ಎರಡು ಬೆರಳು ಬಿಡು

ಲಾರಿಯ ಕ್ಲಚ್ಚು ಅಂದರೆ ಏನು ಎಂದು ಗುರುಸಿದ್ದಮ್ಮ ಕೇಳಿದ್ದು, ಮಗ ಮಹದೇವ ಅದೇ ಕಸುಬಿನಲ್ಲಿ ಮೂವತ್ತನಾಲ್ಕು ವರ್ಷ ಕಳೆದ ಮೇಲೆ. ಕೇಳಿದ್ದೂ ಮಗನನ್ನಲ್ಲ, ಮೊಮ್ಮಗನ ಹೆಂಡತಿ ಆಶಾರಾಣಿಯನ್ನು. ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದ ಮುದುಕಿಗೆ ಒಂದು ತಿಂಗಳು ಒಲೆಯ ಕಡೆ ಸುಳಿಯಬಾರದೆಂದು ಡಾಕ್ಟರು ಹೇಳಿದ್ದರು. ಕರಿ ಕನ್ನಡಕ ಹಾಕಿಕೊಂಡು ನಡುಮನೆಯ ಮಂಚದ ಮೇಲೆ ಕೂತು ಅವರೆಕಾಯಿ ಸುಲಿಯುವುದು, ಮನೆಯವರಿಗೆಲ್ಲ ಪ್ರಶ್ನೆ ಕೇಳುವುದು, ಇವೆರಡೇ ಉಳಿದಿದ್ದವು.

ಆಶಾ ಒಂದು ಸ್ಟೀಲ್ ತಟ್ಟೆ ಬೋರಲು ಹಾಕಿದಳು. ಅದರ ಮೇಲೆ ರಾಗಿ ರೊಟ್ಟಿ, ರೊಟ್ಟಿಯ ಮೇಲೆ ಇನ್ನೊಂದು ತಟ್ಟೆ.

"ಕೆಳಗಿನ ತಟ್ಟೆ ಇಂಜಿನ್ನು ಅಜ್ಜಿ. ಯಾವಾಗಲೂ ತಿರುಗ್ತಾನೇ ಇರ್ತದೆ. ಮೇಲಿನ ತಟ್ಟೆ ನಾನು ಒತ್ತಿ ಹಿಡಿದ್ರೆ ರೊಟ್ಟೀನೂ ಜೊತೇಲಿ ತಿರುಗ್ತದೆ, ಲಾರಿ ಮುಂದಕ್ಕೆ ಹೋಗ್ತದೆ. ಡ್ರೈವರ್ ಕ್ಲಚ್ ತುಳಿದ್ರೆ ನನ್ನ ಕೈ ಮೇಲೆತ್ತಿದಂಗೆ. ರೊಟ್ಟಿ ನಿಂತ್ಕೊಳ್ತದೆ, ಆಗ ಗೇರ್ ಹಾಕ್ಕೋಬಹುದು."

"ಅರ್ದಂಬರ್ದ ಒತ್ತುದ್ರೆ?"

"ಜಾರ್ತದೆ. ಜಾರಿ ಜಾರಿ ಸುಟ್ಟು ಕರಕಲಾಗ್ತದೆ."

ಗುರುಸಿದ್ದಮ್ಮ ತಟ್ಟೆಗಳನ್ನು ಮುಟ್ಟಿ ನೋಡಿ ತಲೆಯಾಡಿಸಿದಳು. "ಅಂಗಾರೆ ಅತ್ತೆ ಒಂದ್ ತಟ್ಟೆ, ಸೊಸೆ ಒಂದ್ ತಟ್ಟೆ. ನಡುವೆ ಗಂಡ ರೊಟ್ಟಿ."

ಊಟಕ್ಕೆ ಕೂತಿದ್ದ ಮೊಮ್ಮಗ ಪ್ರಸಾದ್ ನಗಲಿಲ್ಲ. "ನನ್ನನ್ಯಾಕೆ ಸುಡ್ತೀಯ ಅಜ್ಜಿ," ಎಂದು ಸಾರಿನ ಪಾತ್ರೆ ಎಳೆದುಕೊಂಡ.

ಅವನು ನಗದಿರುವುದಕ್ಕೆ ಕಾರಣವಿತ್ತು. ನಂಜನಗೂಡು ದಾಟಿ ಚಾಮರಾಜನಗರದ ರಸ್ತೆಯಲ್ಲಿ ಮಹದೇವನ ಷೆಡ್ಡು. ಲಾರಿಗಳಿಗೆ ಕ್ಲಚ್ ಕೂರಿಸುವುದೊಂದೇ ಅಲ್ಲಿನ ಕೆಲಸ. ದೀಪಾವಳಿ ಕಳೆದ ವಾರ ಗೇರ್‌ಬಾಕ್ಸ್ ಇಳಿಸುವಾಗ ಮಹದೇವನ ಸೊಂಟ ಹಿಡಿದು, ಬೆನ್ನುಮೂಳೆಯ ಡಿಸ್ಕ್ ಜಾರಿದೆ ಎಂದು ಗೊತ್ತಾಯಿತು. ಬಗ್ಗುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ. ಪ್ರಸಾದನಿಗೆ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಗ್ರೀಸ್ ವಾಸನೆಯೇ ಅವನಿಗೆ ಆಗದು. ಷೆಡ್ಡನ್ನು ಟೈರ್ ಅಂಗಡಿಯವನೊಬ್ಬನಿಗೆ ಬಾಡಿಗೆಗೆ ಕೊಡೋಣ ಎಂದ. ಆಗ ಆಶಾ, "ನಾನು ಮಾಡ್ತೀನಿ ಮಾವ. ನೀವು ಕುರ್ಚಿ ಮೇಲೆ ಕೂತು ಹೇಳಿ," ಎಂದಳು.

ಅವಳು ಸೋಮನಾಥಪುರದ ಕಡೆಯವಳು. ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಓದಿದ್ದಳು. ಮದುವೆ ಮಾತುಕತೆಯಲ್ಲಿ ಅದನ್ನು ಯಾರೂ ದೊಡ್ಡದು ಮಾಡಿರಲಿಲ್ಲ. ಹುಡುಗಿ ಹೊಲಿಗೆ ಕಲಿತಿದ್ದಾಳೆ ಅಂದ ಹಾಗೆ ಅದನ್ನೂ ಹೇಳಿ ಮುಗಿಸಿದ್ದರು.

"ನನ್ ಹೆಂಡ್ತಿ ಲಾರಿ ಕೆಳಗೆ ಮಲಗಿರ್ತಾಳೆ, ನಾನು ಅದೇ ರಸ್ತೇಲಿ ಕಂಪನಿ ಬಸ್ಸಲ್ಲಿ ಹೋಗ್ಬೇಕು. ಅಲ್ವಾ?" ಎಂದಿದ್ದ ಪ್ರಸಾದ್.

"ಬಸ್ಸಿನ ಆ ಕಡೆ ಸೀಟಲ್ಲಿ ಕೂತ್ಕೊಳ್ಳಿ," ಎಂದಿದ್ದಳು ಆಶಾ.

ಕೊನೆಗೆ ಮಹದೇವನೇ ತೀರ್ಪು ಕೊಟ್ಟ. ಶಿವರಾತ್ರಿಯವರೆಗೆ ನೋಡೋಣ. ಕೆಲಸ ಸರಿಹೋದರೆ ಷೆಡ್ಡು ಅವಳದು. ಇಲ್ಲದಿದ್ದರೆ ಟೈರಿನವನದು.

*

ಮೊದಲ ವಾರ ಎರಡು ಟಿಪ್ಪರ್ ಬಂದವು. ಹೊಸ ಮಾದರಿಯವು. ಕ್ಲಚ್ ಕೂರಿಸಿದರೆ ಪೆಡಲು ತಾನೇ ಹೊಂದಿಕೊಳ್ಳುವಂಥವು. ಆಶಾ ಟ್ರಾಲಿ ಜಾಕ್ ಮೇಲೆ ಗೇರ್‌ಬಾಕ್ಸ್ ಇಳಿಸಿದಳು. ಹಳೆಯ ಗೇರ್ ಶಾಫ್ಟೊಂದನ್ನು ನಡುವೆ ತೂರಿಸಿ ಹೊಸ ಪ್ಲೇಟನ್ನು, ಅಂದರೆ ಅಜ್ಜಿಗೆ ತೋರಿಸಿದ ಆ ರೊಟ್ಟಿಯನ್ನು, ಸರಿಮಧ್ಯಕ್ಕೆ ತಂದಳು. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದಳು. ಜಿಡ್ಡು ತಾಕಬಾರದೆಂದು, ಪ್ಲೇಟ್ ಮುಟ್ಟುವ ಮುಂಚೆ ಪ್ರತಿಸಲವೂ ಸೋಪು ಹಾಕಿ ಕೈ ತೊಳೆದಳು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಸೊಂಟದ ಪಟ್ಟಿ ಕಟ್ಟಿಕೊಂಡು ಕೂತಿದ್ದ ಮಹದೇವನಿಗೆ ತಪ್ಪು ಹುಡುಕಲು ಏನೂ ಸಿಗಲಿಲ್ಲ. ಬೇಸರವಾಗಿ ಎರಡು ಸಲ ಟೀ ತರಿಸಿದ.

ಮೂರನೆಯದು ಗುರುಮಲ್ಲಪ್ಪನ ಲಾರಿ. ಟಿ. ನರಸೀಪುರದ ಗುರುಮಲ್ಲಪ್ಪ ತನ್ನ ಲಾರಿಯನ್ನು ತಾನೇ ಓಡಿಸುತ್ತಿದ್ದ. ಆ ಕಡೆಯ ಗದ್ದೆಗಳಿಂದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವ ಹಳೆಯ ಲಾರಿ. ಅದರಲ್ಲಿ ತಾನಾಗಿ ಹೊಂದಿಕೊಳ್ಳುವುದು ಯಾವುದೂ ಇಲ್ಲ. ಪೆಡಲನ್ನು ಒತ್ತಿದಾಗ ಮೊದಲು ಸ್ವಲ್ಪ ದೂರ ಏನನ್ನೂ ತಾಕದೆ ಸುಮ್ಮನೆ ಇಳಿಯಬೇಕು, ಆಮೇಲೆ ಗಟ್ಟಿ ಸಿಗಬೇಕು. ಹಾಗೆ ಸುಮ್ಮನೆ ಇಳಿಯುವ ದೂರಕ್ಕೆ ಷೆಡ್ಡಿನವರು 'ಪ್ಲೇ' ಅನ್ನುತ್ತಾರೆ. ಅದನ್ನು ಕೈಯಿಂದಲೇ ಹೊಂದಿಸಬೇಕು.

ಆಶಾ ಟೂಲ್ ಬಾಕ್ಸಿನಿಂದ ಸ್ಟೀಲ್ ಸ್ಕೇಲು ತೆಗೆದಳು.

"ಅದ್ಯಾಕವ್ವ? ಸ್ಕೇಲು ಇಸ್ಕೂಲಲ್ಲಿ ಗೆರೆ ಎಳ್ಯಕ್ಕೆ," ಎಂದ ಮಹದೇವ. "ಪೆಡಲ್ ಪಕ್ಕ ಎರಡ್ ಬೆಳ್ಳು ಜೋಡ್ಸಿ ಇಡ್ಕೊ. ಮೆಲ್ಲಗೆ ಒತ್ತು. ಎರಡ್ ಬೆಳ್ಳಗಲ ಇಳುದ್ಮೇಲೆ ಗಟ್ಟಿ ಸಿಕ್ಬೇಕು. ಮೂವತ್ನಾಕು ವರ್ಷದಿಂದ ನಂದು ಅದೇ ಲೆಕ್ಕ. ಒಂದೂ ವಾಪಸ್ ಬಂದಿಲ್ಲ."

ಆಶಾ ಸ್ಕೇಲನ್ನು ಬಾಕ್ಸಿನ ತಳಕ್ಕೆ ಹಾಕಿದಳು. ಕ್ಯಾಬಿನ್ ಹತ್ತಿ, ತೋರುಬೆರಳು ನಡುಬೆರಳು ಜೋಡಿಸಿದಳು.

"ಎರಡ್ ಬೆಳ್ಳು ಬುಟ್ಯಾ?"

"ಬಿಟ್ಟೆ ಮಾವ."

"ಬುಡು ಅತ್ತಗೆ. ಲಾರಿ ಓಗ್ಲಿ."

ಸಂಜೆ ಮನೆಗೆ ಬಂದು ಅವಳು ಸ್ನಾನ ಮಾಡಿ ಅನ್ನಕ್ಕಿಟ್ಟಳು. ಅಲ್ಲಿಯ ತನಕ ಅನ್ನದ ಕೆಲಸ ಗುರುಸಿದ್ದಮ್ಮನದೇ. ಕುಕ್ಕರ್ ಅನ್ನ ತಿಂದರೆ ಹೊಟ್ಟೆ ಉಬ್ಬುತ್ತದೆಂದು ಅವಳು ಪಾತ್ರೆಯಲ್ಲೇ ಮಾಡುತ್ತಿದ್ದಳು, ಯಾರಿಗೂ ಬಿಟ್ಟುಕೊಟ್ಟವಳಲ್ಲ. ಈಗ ಮಂಚದಿಂದಲೇ ಕೂಗಿದಳು.

"ಅಕ್ಕಿ ಮ್ಯಾಲೆ ಬೆಳ್ಳಿಕ್ಕು. ಮೊದಲ್ನೇ ಗೆಣ್ಣು ಮುಳುಗಗಂಟ ನೀರು ಉಯ್ಯಿ. ಜಾಸ್ತಿನೂ ಬ್ಯಾಡ, ಕಮ್ಮಿನೂ ಬ್ಯಾಡ."

"ಹಾಕ್ದೆ ಅಜ್ಜಿ."

ಅನ್ನ ನುಚ್ಚುನುಚ್ಚಾಗಿತ್ತು, ಹಲ್ಲಿಗೆ ಸಿಗುತ್ತಿತ್ತು. ಮಹದೇವ ಮಜ್ಜಿಗೆ ಹುಯ್ದುಕೊಂಡು ಹೇಗೋ ನುಂಗಿದ. ಪ್ರಸಾದ್ ಒಂದು ಅಗುಳನ್ನು ಬೆರಳ ತುದಿಯಲ್ಲಿ ಹಿಡಿದು ದೀಪಕ್ಕೆ ತೋರಿಸಿದ.

"ಇದು ಬಾಲ್ ಬೇರಿಂಗಾ?"

"ಹೊಸ ಅಕ್ಕಿ ಅಲ್ಲ, ಹಳೇ ಅಕ್ಕಿ ಇರ್ಬೇಕು," ಎಂದಳು ಆಶಾ.

"ಅದೇ ಮೂಟೆ ಕಣವ್ವ. ನೀರು ಕಮ್ಮಿ ಆಕಿದ್ದೀಯ," ಎಂದಳು ಅಜ್ಜಿ.

"ಗೆಣ್ಣು ಮುಳುಗೋ ತನಕ ಹಾಕ್ದೆ, ದೇವ್ರಾಣೆ."

*

ಹದಿನೆಂಟು ದಿನಕ್ಕೆ ಗುರುಮಲ್ಲಪ್ಪನ ಲಾರಿಯನ್ನು ಇನ್ನೊಂದು ಲಾರಿಗೆ ಕಟ್ಟಿ ಎಳೆದುಕೊಂಡು ಬಂದರು. ಷೆಡ್ಡಿಗೆ ಬರುವ ಮೊದಲೇ ಸುಟ್ಟ ವಾಸನೆ ಬಂತು.

"ಏನ್ ಮಾದೇವಣ್ಣ, ಇದಾ ನಿನ್ ಕೆಲ್ಸ? ಏರಲ್ಲಿ ಆಕ್ಸಿಲೇಟರ್ ತುಳುದ್ರೆ ಇಂಜಿನ್ ಕೂಗ್ತದೆ, ಗಾಡಿ ಅಲ್ಲಾಡಲ್ಲ. ಕಬ್ಬು ರೋಡಲ್ಲೇ ಒಣಗೋಯ್ತು!"

"ನೀನು ಪೆಡಲ್ ಮ್ಯಾಲೆ ಕಾಲಿಟ್ಕೊಂಡೇ ಓಡ್ಸಿದ್ದೀಯ. ಅದ್ಕೇ ಸುಟ್ಟದೆ."

"ನಾನಾ? ನೀನು ಷೆಡ್ ಆಕದ್ಕಿಂತ ಮುಂಚಿಂದ ಸ್ಟೇರಿಂಗ್ ಇಡ್ದಿರೋನು ನಾನು!" ಎಂದ ಗುರುಮಲ್ಲಪ್ಪ. ಆಮೇಲೆ ದನಿ ತಗ್ಗಿಸಿ, ಆದರೆ ಆಶಾಗೆ ಕೇಳುವ ಹಾಗೆಯೇ, "ಏಳುದ್ರೆ ಬೇಜಾರು ಮಾಡ್ಕಬ್ಯಾಡ. ಎಣ್ಮಕ್ಕಳ ಕೈಗೆ ಕೊಡೋ ಕೆಲ್ಸ ಅಲ್ಲ ಇದು," ಎಂದ.

ಆಶಾ ಕ್ಲಚ್ಚು ಬಿಚ್ಚಿದಳು. ಪ್ಲೇಟು ಕರಿ ಹಪ್ಪಳದಂತಾಗಿತ್ತು. ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಒಂದು ಬಗೆಯ ಕುತೂಹಲ ಹುಟ್ಟಿತು. ಯಾಕೆ? ಎಣ್ಣೆ ಸೋರಿ ಪ್ಲೇಟಿಗೆ ಬಿದ್ದಿರಬಹುದೇ? ಬಟ್ಟೆ ಇಟ್ಟು ಒರೆಸಿ ನೋಡಿದಳು, ಒಣಗಿತ್ತು. ಆದರೂ ಎಣ್ಣೆ ತಡೆಯುವ ಸೀಲು ಬದಲಿಸಿದಳು. ಪ್ಲೇಟು ಒತ್ತಿಕೊಳ್ಳುವ ಫ್ಲೈವೀಲು ಡೊಂಕಾಗಿರಬಹುದೇ? ಲೇತಿಗೆ ಕೊಟ್ಟು ಸಾಣೆ ಹಿಡಿಸಿ ತರಿಸಿದಳು. ಹೊಸ ಪ್ಲೇಟು ಕೂರಿಸಿ ಮತ್ತೆ ಕ್ಯಾಬಿನ್ ಹತ್ತಿದಳು.

"ಎರಡ್ ಬೆಳ್ಳು?"

"ಎರಡು ಬೆರಳೇ ಮಾವ."

ಉಳಿದದ್ದು ಗುರುಮಲ್ಲಪ್ಪನ ಕಾಲು. ಮಾರನೆಯ ದಿನ ಅವಳು ಅದೇ ಲಾರಿಯಲ್ಲಿ ಕೂತು ಟಿ. ನರಸೀಪುರಕ್ಕೆ ಹೊರಟಳು. ಅಲ್ಲಿ ಕಬ್ಬು ತುಂಬಿಸಿಕೊಂಡು ಕಾರ್ಖಾನೆಯ ತನಕ ಬರುವುದು, ದಾರಿಯುದ್ದಕ್ಕೂ ಅವನ ಎಡಗಾಲು ನೋಡುವುದು. ಗುರುಮಲ್ಲಪ್ಪ ಚಪ್ಪಲಿ ಬಿಚ್ಚಿ, ಹಿಂದಿನ ಸೀಟಿನ ಕೆಳಗಿಟ್ಟು, ಬರಿಗಾಲಲ್ಲಿ ಓಡಿಸುತ್ತಿದ್ದ. ಗೇರ್ ಹಾಕಿದ ಕೂಡಲೇ ಕಾಲು ಪೆಡಲಿನಿಂದ ಇಳಿದು ಪಕ್ಕದ ಗೋಣಿತಾಟಿನ ಮೇಲೆ ಬೆಕ್ಕಿನ ಹಾಗೆ ಕೂರುತ್ತಿತ್ತು.

"ಮದ್ವೆ ಎಣ್ಣಿನ ಕಾಲ್ನೂ ಯಾರೂ ಇಷ್ಟೊತ್ತು ನೋಡಲ್ಲ ಕಣವ್ವ," ಎಂದ ಅವನು ಸೇತುವೆಯ ಮೇಲೆ. ಕೆಳಗೆ ಹೊಳೆ ಬಿಸಿಲಿಗೆ ಹೊಳೆಯುತ್ತಿತ್ತು. ಅವಳು ತಲೆಯೆತ್ತಲಿಲ್ಲ.

"ತಪ್ಪು ನಿಮ್ಮ ಕಾಲಿಂದಲ್ಲ ಮಾಮ," ಎಂದಳು ಕಾರ್ಖಾನೆಯ ಗೇಟಿನಲ್ಲಿ ಇಳಿಯುವಾಗ.

"ನಾನು ಮೊದ್ಲೇ ಏಳ್ನಿಲ್ವಾ?"

ಮನೆಗೆ ಬಂದು ಹೇಳಿದರೆ ಮಹದೇವ ನಂಬಲಿಲ್ಲ. "ನೀನು ಕೂತಿದ್ದೆ, ಅದ್ಕೇ ಕಾಲು ತೆಗುದವ್ನೆ. ನಾಟಕ."

"ಮೂರು ಗಂಟೆ ನಾಟಕ ಆಡಕ್ಕಾಗಲ್ಲ ಮಾವ. ಅಭ್ಯಾಸ ಅದು."

ಗುರುಸಿದ್ದಮ್ಮ ಮಂಚದಿಂದ ಒಂದು ಕಥೆ ತೆಗೆದಳು. "ಒಂದೂರಲ್ಲಿ ಒಬ್ಳು ಉಡುಗಿ ಇದ್ಳಂತೆ. ಅವಳ ಮನೇಲಿ ದಿನಾ ಒಂದು ರೊಟ್ಟಿ ಮಾಯ ಆಗದಂತೆ. ಬೆಕ್ನ ಕೇಳುದ್ಲು, ನಾನಲ್ಲ ಅಂತು. ಇಲೀನ ಕೇಳುದ್ಲು, ನಾನಲ್ಲ ಅಂತು. ಕಾಗೆ, ನಾಯಿ, ಇರುವೆ, ಎಲ್ಲಾರ್ನೂ ಕೇಳುದ್ಲು. ಕಡೀಕೆ ಯಾರೂ ಉಳೀನಿಲ್ಲ. ಅಂಗಾರೆ ಯಾರು?"

"ಯಾರಜ್ಜಿ?"

"ಎಣಿಸ್ತಿದ್ದೋಳೇ. ಸುಡ್ತಾ ಸುಡ್ತಾ ರುಚಿ ನೋಡೋಳು, ಅದ್ನ ಲೆಕ್ಕಕ್ಕಿಟ್ಟಿರ್ನಿಲ್ಲ."

ಪ್ರಸಾದ್ ಚಪ್ಪಾಳೆ ತಟ್ಟಿದ. "ಕೇಳಿಸ್ತಾ? ಅಜ್ಜೀನೂ ಅದೇ ಹೇಳ್ತಿರೋದು. ತಪ್ಪು ನಿಂದೇ."

"ನಾನೆಲ್ಲಿ ಅಂಗಂದೆ?" ಎಂದು ಗುರುಸಿದ್ದಮ್ಮ ಅವರೆಕಾಯಿ ಸಿಪ್ಪೆ ಅವನತ್ತ ಎಸೆದಳು.

*

ಎರಡನೆಯ ಸಲ ಹನ್ನೆರಡು ದಿನಕ್ಕೇ ಬಂತು. ಈ ಸಲ ಗುರುಮಲ್ಲಪ್ಪ ಬುದ್ಧಿವಂತಿಕೆಯಿಂದ, ವಾಸನೆ ಬಂದ ಕೂಡಲೇ ಕಬ್ಬು ಬೇರೆ ಗಾಡಿಗೆ ಹಾಕಿಸಿ, ಖಾಲಿ ಲಾರಿಯನ್ನು ಮೆಲ್ಲಗೆ ಓಡಿಸಿಕೊಂಡು ಬಂದಿದ್ದ. ಬಯ್ಯಲಿಲ್ಲ. ಅದೇ ಹೆಚ್ಚು ಚುಚ್ಚಿತು. ಕೀ ಕುರ್ಚಿಯ ಮೇಲಿಟ್ಟು, "ನಾಳಿಕ್ಕೆ ಬತ್ತೀನಿ. ಬೇರೆ ಕಡೆ ತಕ್ಕೊಂಡೋಯ್ತೀನಿ. ಮೂವತ್ತು ವರ್ಷದ ಸ್ನೇಹ, ಜಗಳ ಬ್ಯಾಡ," ಎಂದು ಬಸ್ಸು ಹತ್ತಿದ.

ಅವತ್ತು ಸಂಜೆ ಮನೆಯಲ್ಲಿ ಪ್ರಸಾದ್ ಶೂ ಬಿಚ್ಚುವ ಮೊದಲೇ ಶುರುಮಾಡಿದ. ರಸ್ತೆಯಲ್ಲೇ ಯಾರೋ ಅವನಿಗೆ ಹೇಳಿದ್ದರು.

"ಮುಗೀತಲ್ಲ? ಟೈರಿನವರಿಗೆ ಫೋನ್ ಮಾಡ್ತೀನಿ. ಶಿವರಾತ್ರಿ ತನಕ ಯಾಕೆ ಕಾಯ್ಬೇಕು?"

"ಬೇರೆ ಒಂಬತ್ತು ಗಾಡಿ ಮಾಡಿದ್ದೀನಿ. ಒಂದೂ ವಾಪಸ್ ಬಂದಿಲ್ಲ," ಎಂದಳು ಆಶಾ ಅಡುಗೆಮನೆಯಿಂದ.

"ಊರಿಗೆ ಒಂಬತ್ತು ಗೊತ್ತಿಲ್ಲ. ಈ ಒಂದು ಗೊತ್ತು."

"ಮಾವ ಎರಡು ಸಲಾನೂ ಪಕ್ಕದಲ್ಲೇ ಕೂತಿದ್ರು. ಕೇಳಿ ಅವರನ್ನ."

ಮಹದೇವ ಗೋಡೆಯ ಕಡೆ ನೋಡುತ್ತ ಮಲಗಿದ್ದ. "ಎಲ್ಲಾ ಸರಿಯಾಗೇ ಮಾಡವ್ಳೆ," ಎಂದ. ಮಗ್ಗುಲು ಬದಲಿಸಿ, "ಆದ್ರೂ ಸುಟ್ಟೋಗದೆ. ನಾನ್ ಮಾಡ್ದಾಗ ಸುಡ್ತಿರ್ನಿಲ್ಲ. ಏನಂತ ಏಳ್ಲಿ?" ಎಂದ.

ಆಶಾಳ ಕಣ್ಣು ತುಂಬಿತು. ಅಕ್ಕಿ ತೊಳೆಯುತ್ತ ಅದನ್ನು ತೋಳಿಗೆ ಒರೆಸಿಕೊಂಡಳು.

ಡಾಕ್ಟರು ಗುರುಸಿದ್ದಮ್ಮನಿಗೆ ಹೇಳಿದ್ದ ಒಂದು ತಿಂಗಳು ಆಗಷ್ಟೇ ಮುಗಿದಿತ್ತು. ಕರಿ ಕನ್ನಡಕ ತೆಗೆದಿಟ್ಟು ಗೋಡೆ ಹಿಡಿದು ಅಡುಗೆಮನೆಗೆ ಬಂದಳು. ಅಳುವ ಹುಡುಗಿಗೆ ಸಮಾಧಾನ ಹೇಳುವ ಅಭ್ಯಾಸ ಅವಳಿಗಿರಲಿಲ್ಲ. ಬದಲಿಗೆ ಕೆಲಸದ ಮಾತಾಡಿದಳು.

"ಇವತ್ತಾರ ಬೆಂದನ್ನ ತಿನ್ನಣ. ಎಲ್ಲಿ, ಎಂಗೆ ನೀರ್ ಆಕ್ತೀಯ ತೋರ್ಸು."

ಆಶಾ ಅಕ್ಕಿಯ ಮೇಲೆ ತೋರುಬೆರಳು ಊರಿದಳು. ನೀರು ಹುಯ್ದಳು. ಮೊದಲನೆಯ ಗೆಣ್ಣು ಮುಳುಗಿತು.

"ನೋಡಿ ಅಜ್ಜಿ. ನೀವು ಹೇಳಿದ ಹಂಗೇ."

ಗುರುಸಿದ್ದಮ್ಮ ಪಾತ್ರೆಯ ಮೇಲೆ ಬಗ್ಗಿದಳು. ಹೊಸ ಕಣ್ಣಿಗೆ ನೀರೂ ಬೆರಳೂ ಚೆನ್ನಾಗಿ ಕಾಣುತ್ತಿದ್ದವು. ತನ್ನ ಬೆರಳನ್ನೂ ಪಕ್ಕದಲ್ಲಿ ಊರಿದಳು. ಐವತ್ತು ವರ್ಷ ನಾಟಿ ಹಾಕಿದ, ಕಬ್ಬಿನ ಗೆಣ್ಣಿನಂಥ ಉದ್ದ ಬೆರಳು. ನೀರು ಅವಳ ಗೆಣ್ಣಿನ ಹತ್ತಿರಕ್ಕೂ ಬಂದಿರಲಿಲ್ಲ.

"ಅಯ್ಯೋ ನಿನ್ನ! ನಿನ್ ಬೆಳ್ಳು ಗುಬ್ಬಚ್ಚಿ ಕಾಲಿದ್ದಂಗದೆ. ಇನ್ನೊಂದ್ ಚೊಂಬು ಉಯ್ಯಿ."

ಆಶಾ ಹುಯ್ಯಲಿಲ್ಲ. ಎರಡು ಬೆರಳನ್ನೂ ನೋಡುತ್ತ ನಿಂತಳು. ಆಮೇಲೆ ಚೊಂಬನ್ನು ಅಲ್ಲೇ ಬಿಟ್ಟು, ಒದ್ದೆ ಕೈಯಲ್ಲೇ ಹೊರಗೆ ಓಡಿದಳು. ದಿನಾ ಷೆಡ್ಡಿನಿಂದ ಜೊತೆಗೇ ತರುತ್ತಿದ್ದ ಟೂಲ್ ಬಾಕ್ಸಿನ ತಳದಿಂದ ಸ್ಕೇಲು ಎಳೆದು ತಂದು ಮಾವನ ಮುಂದೆ ಮಂಡಿಯೂರಿದಳು.

"ಮಾವ, ನಿಮ್ಮ ಕೈ ಕೊಡಿ."

"ಯಾಕವ್ವ?"

"ಕೊಡಿ. ಎರಡು ಬೆರಳು ಜೋಡಿಸಿ."

ಮಹದೇವನ ತೋರುಬೆರಳು ಒಂದು ಕಾಲದಲ್ಲಿ ಗೇರ್‌ಬಾಕ್ಸಿನ ಕೆಳಗೆ ಸಿಕ್ಕಿ ಜಜ್ಜಿ, ವಾಸಿಯಾದ ಮೇಲೂ ಬಾಳೆಹಣ್ಣಿನಂತೆ ದಪ್ಪವಾಗಿಯೇ ಉಳಿದಿತ್ತು. ಅವಳು ಸ್ಕೇಲು ಅಡ್ಡ ಇಟ್ಟಳು.

"ನಲವತ್ತೆರಡು ಮಿಲಿಮೀಟರ್." ಆಮೇಲೆ ತನ್ನ ಎರಡು ಬೆರಳು ಜೋಡಿಸಿದಳು. "ನಂದು ಇಪ್ಪತ್ತೆಂಟು."

ಪ್ರಸಾದನ ಒಂದು ಕಾಲಲ್ಲಿ ಶೂ ಇನ್ನೂ ಇತ್ತು.

"ಅಂದ್ರೆ?" ಎಂದ ಅವನು.

"ಹೊಸ ಪ್ಲೇಟು ಮೊದಲ ನಾಲ್ಕಾರು ಲೋಡಲ್ಲಿ ಸ್ವಲ್ಪ ಸವೆದು ಕೂತ್ಕೊಳ್ತದೆ. ಆಗ ಪ್ಲೇ ಕಮ್ಮಿ ಆಗ್ತಾ ಬರ್ತದೆ. ಮಾವನ ಬೆರಳಲ್ಲಿ ಬಿಟ್ರೆ ಕಮ್ಮಿ ಆದ್ರೂ ಇನ್ನೂ ಉಳೀತದೆ. ನನ್ನ ಬೆರಳಲ್ಲಿ ಬಿಟ್ರೆ ಪೂರ್ತಿ ಮುಗಿದುಹೋಗ್ತದೆ. ಆಮೇಲೆ ಯಾರೂ ಕಾಲಿಡದೇ ಇದ್ರೂ ಪೆಡಲ್ ತುಳಿದಂಗೇ ಇರ್ತದೆ."

"ಅರ್ದಂಬರ್ದ ಒತ್ತಿದಂಗೆ," ಎಂದಳು ಗುರುಸಿದ್ದಮ್ಮ ಬಾಗಿಲಲ್ಲಿ ನಿಂತು. "ರೊಟ್ಟಿ ಜಾರ್ತದೆ."

"ಹೂಂ ಅಜ್ಜಿ. ಕಬ್ಬಿನ ಭಾರಕ್ಕೆ ಸುಟ್ಟೋಗ್ತದೆ. ಬೇರೆ ಒಂಬತ್ತೂ ತಾನೇ ಹೊಂದಿಕೊಳ್ಳೋ ಹೊಸ ಗಾಡಿ, ಅದ್ಕೇ ಉಳ್ಕೊಂಡ್ವು."

ಮಹದೇವ ತನ್ನ ಕೈಯನ್ನು ಮುಂದೆ ಹಿಡಿದು, ಯಾರದೋ ಸಾಮಾನು ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದ. ಸಾರಿಗೆ ಒಗ್ಗರಣೆ ಬೀಳುವ ಹೊತ್ತಿಗೆ ಅವನು ಹೇಳಿದ: "ನೀನು ಸ್ಕೇಲು ತೆಗ್ದಿದ್ದೆ. ನಾನೇ ಒಳಕ್ಕಾಕ್ಸಿದ್ದು."

ಅನ್ನ ಅವತ್ತು ಅರಳಿತ್ತು.

*

ಮಾರನೆಯ ದಿನ ಗುರುಮಲ್ಲಪ್ಪ ಬಂದಾಗ ಷೆಡ್ಡಿನಲ್ಲಿ ಇನ್ನೂ ಮೂರು ಲಾರಿಯವರು ಇದ್ದರು. ಪ್ರಸಾದನಿಗೆ ಎರಡನೇ ಶಿಫ್ಟು, ಅಪ್ಪನನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದಿದ್ದ. ಅಪ್ಪ ಏನು ಹೇಳುತ್ತಾನೋ ಎಂದು ಅವನಿಗೂ ಗೊತ್ತಿರಲಿಲ್ಲ. ಮಹದೇವನಿಗೆ ಸುಮ್ಮನಿದ್ದುಬಿಡುವುದು ಸುಲಭವಿತ್ತು. ಹೊಸ ಹುಡುಗಿ, ಕೈ ತಪ್ಪಿದೆ ಎಂದರೆ ಯಾರೂ ಎದುರು ಕೇಳುತ್ತಿರಲಿಲ್ಲ.

ಮಹದೇವ ಕುರ್ಚಿಯಿಂದ ಎದ್ದು ನಿಂತ.

"ಗುರುಮಲ್ಲಣ್ಣ, ನಿನ್ ಕಾಲ್ಗೆ ತಪ್ಪು ಒರೆಸ್ದೆ. ತಪ್ಪು ನಿನ್ ಕಾಲಿಂದಲ್ಲ. ಈ ಮಗೀನ ಕೈಯಿಂದೂ ಅಲ್ಲ. ನನ್ ಎರಡ್ ಬೆಳ್ಳಿಂದು." ಎರಡು ಬೆರಳು ಮೇಲೆತ್ತಿ ತೋರಿಸಿದ. ಕತೆಯನ್ನೆಲ್ಲ ಹೇಳಿದ, ಸ್ಕೇಲಿನ ವಿಷಯವನ್ನೂ ಬಿಡಲಿಲ್ಲ. "ಮೂರ್ನೇ ಪ್ಲೇಟು ನನ್ ಕಡೆಯಿಂದ. ಇವ್ಳೇ ಆಕ್ತಾಳೆ. ನಿನ್ಗೆ ಒಪ್ಗೆ ಇದ್ರೆ."

ಗುರುಮಲ್ಲಪ್ಪ ಮಹದೇವನ ಕೈ ಹಿಡಿದು ಬೆರಳು ನೋಡಿದ. ಆಶಾಳ ಕಡೆ ನೋಡಿದ. ಅವಳು ನಾಚಿಕೊಂಡು ಎರಡು ಬೆರಳು ಜೋಡಿಸಿ ತೋರಿಸಿದಳು. ಅವನಿಗೆ ನಗು ತಡೆಯಲಾಗಲಿಲ್ಲ.

"ಥೂ ನಿನ್ನ, ನಾನೂ ಎರಡ್ ಸಲ ನೋಡ್ಕಂಡೇ ನಿಂತಿದ್ದೆ ಕಣೋ ಮಾದೇವ! ಆ ಕಡ್ಡಿ ಬೆಳ್ಳು ನನ್ ಕಣ್ಗೂ ಬೀಳ್ನಿಲ್ವಲ್ಲಾ." ಕೀ ತೆಗೆದುಕೊಳ್ಳಲು ಚಾಚಿದ್ದ ಕೈಯಿಂದ ಅದನ್ನು ಆಶಾಳ ಕಡೆಗೆ ತಳ್ಳಿದ. "ಆಕವ್ವ. ಆದ್ರೆ ಮೂರ್ನೇದೂ ಸುಟ್ರೆ, ಕಬ್ಬೆಲ್ಲಾ ನಿಮ್ಮನೆ ಮುಂದೆ ಸುರೀತೀನಿ. ಅಗುದ್ಕೊಂಡು ಕೂತ್ಕಳಿ."

ಪ್ರಸಾದ್ ಅಪ್ಪನನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿದ. ಆಮೇಲೆ, ಶಿಫ್ಟಿಗೆ ಇನ್ನೂ ಹೊತ್ತಿದ್ದುದರಿಂದ, ತೋಳು ಮಡಚಿಕೊಂಡು ಟ್ರಾಲಿ ಜಾಕಿನ ಹಿಡಿ ಹಿಡಿದ.

"ಎಷ್ಟು ಎತ್ತರಕ್ಕೆ?" ಎಂದು ಹೆಂಡತಿಯನ್ನು ಕೇಳಿದ.

ಆಶಾ ನಲವತ್ತೆರಡಕ್ಕೆ ಪ್ಲೇ ಇಟ್ಟಳು. ಹತ್ತು ಲೋಡು ಆದ ಮೇಲೆ ತಪ್ಪದೆ ಬಂದು ತೋರಿಸಬೇಕು ಎಂದು ಗುರುಮಲ್ಲಪ್ಪನಿಂದ ಮಾತು ತೆಗೆದುಕೊಂಡಳು. ಹತ್ತು ಲೋಡು ಆಗಿ ಬಂದಾಗ ಅಳೆದರೆ ಹನ್ನೆರಡಕ್ಕೆ ಇಳಿದಿತ್ತು. ನಟ್ಟು ತಿರುಗಿಸಿ ಮತ್ತೆ ಸರಿಮಾಡಿದಳು. ಸ್ಕೇಲು ಈಗ ಷೆಡ್ಡಿನ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಅದಕ್ಕೆ ಗ್ರೀಸ್ ತಾಕಿದರೆ ಒರೆಸುವವನು ಮಹದೇವನೇ.

ಶಿವರಾತ್ರಿಗೆ ಎರಡು ದಿನ ಇರುವಾಗ ಕರ್ನಾಟಕದ ಗಡಿಯಾಚೆಯಿಂದ ಬಂದ ಲಾರಿಯೊಂದು ರಸ್ತೆಯಲ್ಲೇ ನಿಂತು, ಆಶಾ ಮನೆಗೆ ಬರುವುದು ತಡವಾಗುತ್ತದೆಂದು ಫೋನ್ ಮಾಡಿದಳು. ಗುರುಸಿದ್ದಮ್ಮನ ಇನ್ನೊಂದು ಕಣ್ಣಿನ ಪೊರೆಯನ್ನು ಹಿಂದಿನ ವಾರವಷ್ಟೇ ತೆಗೆದಿದ್ದರು. ಮತ್ತೆ ಕರಿ ಕನ್ನಡಕ, ಮತ್ತೆ ಮಂಚ. ಅಡುಗೆಮನೆಯಲ್ಲಿ ಪ್ರಸಾದ್ ಪಾತ್ರೆಗೆ ಅಕ್ಕಿ ಹಾಕಿ ತೊಳೆಯುತ್ತಿದ್ದ. ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡ.

"ಹೇಳಿ ಸಾರ್... ಹೌದು, ಶಿವರಾತ್ರಿಗೆ ಅಂದಿದ್ದೆ... ಇಲ್ಲ ಸಾರ್. ಷೆಡ್ ಖಾಲಿ ಇಲ್ಲ. ಟೈರಿಗೆ ಬೇರೆ ಕಡೆ ನೋಡ್ಕೊಳ್ಳಿ... ಇಲ್ಲ, ಮುಂದಕ್ಕೂ ಆಗಲ್ಲ. ಅಲ್ಲಿ ನನ್ನ ಮನೆಯವರು ಕೆಲಸ ಮಾಡ್ತಾರೆ."

ಫೋನ್ ಇಟ್ಟು ಅಕ್ಕಿಯ ಮೇಲೆ ಕೈಯಿಟ್ಟು ಕೂಗಿದ. "ಅಜ್ಜೀ, ನೀರು ಎಷ್ಟು ಹಾಕ್ಲಿ?"

"ಮೊದಲ್ನೇ ಗೆಣ್ಣು..." ಎಂದು ಗುರುಸಿದ್ದಮ್ಮ ಶುರುಮಾಡಿ ನಿಲ್ಲಿಸಿದಳು. ಮಂಚದಿಂದ ಕಾಲು ಇಳಿಬಿಟ್ಟು, ಗಾಳಿಯಲ್ಲಿ ಕೈ ಚಾಚಿದಳು.

"ತಾಳು. ಮೊದ್ಲು ನಿನ್ ಬೆಳ್ಳು ಕೊಡಿಲ್ಲಿ, ಮುಟ್ಟಿ ನೋಡ್ತೀನಿ."